ಆರದ ಹಳದಿ ದೀಪ

ನಮ್ಮ ಮನೆ ಇರುವುದು ಚಿಕ್ಕಬಾಣಾವರದಲ್ಲಿ. ತುಮಕೂರಿನ ಕಡೆಗೆ ಹೋಗುವ ಹಳಿ ಮತ್ತು ಹಾಸನದ ಕಡೆಗೆ ಹೋಗುವ ಹಳಿ ಕವಲೊಡೆಯುವುದು ನಮ್ಮೂರಿನ ರೈಲು ನಿಲ್ದಾಣದಲ್ಲೇ. ರಾತ್ರಿ ಊರೆಲ್ಲ ಸದ್ದಡಗಿದ ಮೇಲೆ, ಬಂದು ನಿಲ್ಲುವ ರೈಲಿನ ‘ಕ್ರೀ...’ ಎಂಬ ಸದ್ದು, ಅದರ ಹಿಂದೆಯೇ ‘ಉಸ್ಸ್’ ಎಂದು ಗಾಳಿ ಬಿಡುವ ಸದ್ದು ನಮ್ಮ ಅಂಗಳದವರೆಗೂ ಕೇಳುತ್ತದೆ. ಎರಡೂ ಬ್ರೇಕಿನ ಸದ್ದುಗಳೇ. ಎಷ್ಟೋ ವರ್ಷಗಳಿಂದ ಕೇಳುತ್ತಿದ್ದರೂ ಬ್ರೇಕಿನ ಬಗ್ಗೆ ನಾನು ಯೋಚಿಸಿದವನೇ ಅಲ್ಲ. ಯೋಚಿಸುವಂತೆ ಮಾಡಿದ್ದು ನನ್ನ ಹಳೆಯ ಕಾರಿನ ಒಂದು ಪುಟ್ಟ ಹಳದಿ ದೀಪ, ಮತ್ತು ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಪುಟ್ಟಿ.

ದಸರಾ ರಜೆಗೆ ಪುಟ್ಟಿಯನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಮೇಲೆ ಹೋಗುವುದೆಂದು ದಾರಿಯೂ ಗೊತ್ತಾಗಿತ್ತು. ರಜೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ಒಂದು ಬೆಳಿಗ್ಗೆ ಕಾರಿನ ಬೀಗದಕೈ ತಿರುಗಿಸಿದೆ. ಸ್ಟೇರಿಂಗ್ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಒಂದು ವೃತ್ತ, ಅದರ ಎರಡೂ ಪಕ್ಕದಲ್ಲಿ ತುಂಡು ತುಂಡು ಗೆರೆಗಳು. ಎಂಜಿನ್ ಶುರುವಾದ ಮೇಲೂ ಅದು ಆರಲಿಲ್ಲ.

ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನೋಡಿದ ಕೂಡಲೇ, “ಬ್ರೇಕ್ ಪ್ಯಾಡ್ ಸವೆದಿದೆ ಸಾರ್” ಎಂದ. ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿ ತೋರಿಸಿದ. ಪ್ಯಾಡುಗಳು ತೆಳ್ಳಗಾಗಿದ್ದುದು ನಿಜ. ಹೊಸವನ್ನು ಹಾಕಿದ. ಆದರೆ ದೀಪ ಆರಲಿಲ್ಲ. ಆರಿಸುವುದಕ್ಕೆ ಒಂದು ಕ್ರಮವಿದೆ, ಅದನ್ನು ರೀಸೆಟ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಎಂಜಿನ್ ಶುರು ಮಾಡದೆ ಬೀಗದಕೈ ಮಾತ್ರ ತಿರುಗಿಸಿ, ಫಲಕದ ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕು. ಅವನು ಮೂರು ಸಲ ಒತ್ತಿದ. ಮೂರು ಸಲವೂ ಕಾರು ‘ಆಗುವುದಿಲ್ಲ’ ಎಂದಿತು.

“ಹಳೇ ಕಾರು ಸಾರ್, ಸೆನ್ಸರ್ ಕೆಟ್ಟಿರಬೇಕು. ಪ್ಯಾಡ್ ಹೊಸದು ಹಾಕಿದೀನಲ್ಲ, ಧೈರ್ಯವಾಗಿ ಓಡಿಸಿ” ಎಂದ ಮೆಕ್ಯಾನಿಕ್.

ಮನೆಗೆ ಬಂದವನೇ ನಾನು ಮಾಡಿದ ಕೆಲಸವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಮೇಜಿನ ಖಾನೆಯಲ್ಲಿದ್ದ ಕಪ್ಪು ಟೇಪಿನಲ್ಲಿ ಒಂದು ಚೂರು ಕತ್ತರಿಸಿ, ದೀಪದ ಮೇಲೆ ಅಂಟಿಸಿಬಿಟ್ಟೆ!

ಪುಟ್ಟಿಯ ಪ್ರಶ್ನೆ

ಮೂರು ವಾರ ಸುಖವಾಗಿ ಕಳೆಯಿತು. ರಜೆ ಬಂತು, ಪುಟ್ಟಿಯೂ ಬಂದಳು. ನಿಂತಿದ್ದ ಕಾರಿನೊಳಗೆ ಕುಳಿತು ಆಟವಾಡುತ್ತಿದ್ದವಳ ಕಣ್ಣಿಗೆ ಟೇಪು ಬಿತ್ತು. ಉಗುರಿನಿಂದ ಕಿತ್ತಳು.

“ತಾತ, ಇದೇನು?”

“ಅದಾ? ಸುಮ್ಮನೆ ಉರಿಯೋ ದೀಪ. ಬ್ರೇಕ್ ಎಲ್ಲ ಸರಿಯಾಗಿದೆ.”

“ಸರಿಯಾಗಿದ್ರೆ ಯಾಕೆ ಉರಿಯುತ್ತೆ?”

“ಕೆಟ್ಟಿರಬೇಕು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜಿ ದಿನಾ ಸಕ್ಕರೆ ನೋಡ್ಕೊಳ್ಳೋ ಮೀಟರ್‌ಗೆ ಟೇಪ್ ಅಂಟಿಸಿದ್ರೆ ಅಜ್ಜಿಗೆ ಸಕ್ಕರೆ ಕಡಿಮೆ ಆಗುತ್ತಾ?”

ಅಡುಗೆಮನೆಯಿಂದ ಅಜ್ಜಿ ನಕ್ಕ ಸದ್ದು ಕೇಳಿಸಿತು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಾರಿನ ಜೊತೆ ಬಂದಿದ್ದ, ನಾನು ಒಮ್ಮೆಯೂ ತೆರೆಯದಿದ್ದ ಕೈಪಿಡಿಯನ್ನು ಹೊರತೆಗೆದೆ. ಅಂದು ಮಧ್ಯಾಹ್ನ ತಾತ, ಮೊಮ್ಮಗಳು ಇಬ್ಬರೂ ಜಗಲಿಯ ಮೇಲೆ ಕುಳಿತು ಬ್ರೇಕಿನ ಪಾಠ ಓದಿದೆವು. ಅಂದು ಕಲಿತದ್ದು, ಆಮೇಲೆ ಗ್ಯಾರೇಜಿನಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ?

ಮಕ್ಕಳೇ, ನಿಮ್ಮ ಸೈಕಲ್ಲಿನ ಬ್ರೇಕ್ ನೋಡಿ. ಹಿಡಿಯನ್ನು ಒತ್ತಿದರೆ ಎರಡು ರಬ್ಬರ್ ತುಂಡುಗಳು ಚಕ್ರದ ಅಂಚನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಕಾರಿನಲ್ಲೂ ಹಾಗೆಯೇ. ಚಕ್ರದ ಜೊತೆಗೆ ತಿರುಗುವ ಲೋಹದ ತಟ್ಟೆಯೊಂದಿದೆ, ಅದೇ ಡಿಸ್ಕ್. ತಟ್ಟೆಯ ಒಳಬದಿಗೆ ಒಂದು, ಹೊರಬದಿಗೆ ಒಂದು ಪ್ಯಾಡ್ ಇರುತ್ತದೆ. ಎರಡನ್ನೂ ಹಿಡಿದಿರುವ ಇಕ್ಕಳದಂಥ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು.

ಕಾಲಿನಿಂದ ಪೆಡಲ್ ಒತ್ತಿದರೆ ಆ ಒತ್ತಡ ಚಕ್ರದವರೆಗೆ ಹೋಗುವುದು ಹೇಗೆ? ಕೊಳವೆಯೊಳಗೆ ತುಂಬಿರುವ ಬ್ರೇಕ್ ಎಣ್ಣೆಯ ಮೂಲಕ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮ ಇದು. ಹೈಸ್ಕೂಲಿನ ಅಣ್ಣ ಅಕ್ಕಂದಿರನ್ನು ಕೇಳಿ, ಅವರ ಪಾಠದಲ್ಲಿ ಇದೆ.

ಪ್ಯಾಡ್ ತಟ್ಟೆಯನ್ನು ಒತ್ತಿ ಹಿಡಿದಾಗ ಘರ್ಷಣೆಯಾಗುತ್ತದೆ. ಕಾರಿನ ಓಟವೆಲ್ಲ ಬಿಸಿಯಾಗಿ ಬದಲಾಗುತ್ತದೆ. ಚಳಿಗೆ ಅಂಗೈ ಉಜ್ಜಿಕೊಂಡರೆ ಬೆಚ್ಚಗಾಗುವುದಿಲ್ಲವೇ? ಅದೇ ಲೆಕ್ಕ. ಜನರೂ ಸೇರಿ 1200 ಕಿಲೋ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನಿ. ಅದನ್ನು ಒಂದು ಸಲ ನಿಲ್ಲಿಸಿದರೆ ಹುಟ್ಟುವ ಬಿಸಿ, ಸುಮಾರು ಅರ್ಧ ಲೀಟರ್ ನೀರನ್ನು ಕುದಿಸುವಷ್ಟು! ಅದೇ ಕಾರು ಬೆಟ್ಟದ ಮೇಲಿನಿಂದ 400 ಮೀಟರ್ ಎತ್ತರ ಇಳಿದು ಬರುವಾಗ ಬರೀ ಬ್ರೇಕಿನಿಂದಲೇ ಹಿಡಿದರೆ, 15 ಲೀಟರ್ ನೀರು ಕುದಿಯುವಷ್ಟು ಬಿಸಿ ಹುಟ್ಟುತ್ತದೆ. ಸಮುದ್ರ ಮಟ್ಟದಿಂದ ನಂದಿಬೆಟ್ಟದ ಎತ್ತರ 1478 ಮೀಟರ್, ನಮ್ಮ ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಈ ಲೆಕ್ಕ ಹಾಕಿದಾಗಲೇ ನನ್ನ ಎದೆ ಒಮ್ಮೆ ‘ಧಸಕ್’ ಎಂದದ್ದು.

ಹೀಗೆ ಉಜ್ಜಿ ಉಜ್ಜಿ ಪ್ಯಾಡ್ ಸವೆಯುತ್ತದೆ. ತಾನು ಸವೆದು ಕಾರನ್ನು ನಿಲ್ಲಿಸುವುದೇ ಅದರ ಕೆಲಸ. ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸಬೇಕು.

ಚಮ್ಮಾರ ಹೊಡೆದ ಚರ್ಮ

ಸವೆಯುವ ಪದರವನ್ನು ಬ್ರೇಕಿಗೆ ಹಾಕಬೇಕೆಂದು ಹೊಳೆದದ್ದು ಒಬ್ಬ ತಾಯಿಗೆ ಎಂದು ಕಾರಿನ ಚರಿತ್ರೆ ಹೇಳುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ ಮೊದಲ ಮೋಟಾರು ಗಾಡಿ ಮಾಡಿದಾಗ ಜನ ಅದನ್ನು ನಂಬಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಗಾಡಿ ಹೊರಡಿಸಿದಳು. ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರುಮನೆಗೆ, ಸುಮಾರು 100 ಕಿಲೋಮೀಟರ್ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋಯಿತು. ದಾರಿಯಲ್ಲಿ ಸಿಕ್ಕ ಚಮ್ಮಾರನ ಹತ್ತಿರ ಅದಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳು. ಚರ್ಮ ಸವೆದರೆ ಬೇರೆ ಚರ್ಮ ಹೊಡೆಸಿದರಾಯಿತು, ಬ್ರೇಕು ಉಳಿಯುತ್ತದೆ. ಇಂದಿನ ಪ್ಯಾಡಿನ ಹಿಂದಿರುವುದೂ ಇದೇ ಉಪಾಯ.

“ಅವಳ ಗಾಡೀಲಿ ಹಳದಿ ದೀಪ ಇತ್ತಾ ತಾತ?” ಎಂದಳು ಪುಟ್ಟಿ.

ಇರಲಿಲ್ಲ. ಆದರೆ ಸವೆದದ್ದನ್ನು ಕಂಡ ಕೂಡಲೇ ಗಾಡಿ ನಿಲ್ಲಿಸುವ ಬುದ್ಧಿ ಅವಳಿಗಿತ್ತು.

ತುಂಡಾಗಿ ಸುದ್ದಿ ಹೇಳುವ ತಂತಿ

ಪ್ಯಾಡ್ ಸವೆದದ್ದನ್ನು ಕಾರು ನಮಗೆ ಹೇಗೆ ತಿಳಿಸುತ್ತದೆ? ಹಲವು ಕಾರುಗಳಲ್ಲಿ ಪ್ಯಾಡಿನ ಬದಿಯಲ್ಲಿ ಒಂದು ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ತೆಳ್ಳಗಾದಾಗ ಆ ನಾಲಿಗೆ ತಟ್ಟೆಗೆ ತಾಗಿ ‘ಕೀಚ್’ ಎಂದು ಕಿರುಚುತ್ತದೆ. ಕಿರುಚಿದರೆ ಗ್ಯಾರೇಜಿಗೆ ಹೋಗಬೇಕು ಎಂದು ಅರ್ಥ.

ಇನ್ನು ಕೆಲವು ಕಾರುಗಳಲ್ಲಿ, ನನ್ನದರಲ್ಲಿ ಇದ್ದಂತೆ, ಪ್ಯಾಡಿನೊಳಗೆ ಸಣ್ಣ ತಂತಿಯೊಂದನ್ನು ಹುದುಗಿಸಿರುತ್ತಾರೆ. ಅದೇ ಸೆನ್ಸರ್. ತಂತಿಯಲ್ಲಿ ಸದಾ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಹರಿಯುವವರೆಗೆ ಕಾರು ‘ಎಲ್ಲ ಕ್ಷೇಮ’ ಎಂದುಕೊಳ್ಳುತ್ತದೆ. ಪ್ಯಾಡ್ ತಂತಿಯ ಮಟ್ಟಕ್ಕೆ ಸವೆದಾಗ ತಟ್ಟೆ ಉಜ್ಜಿ ತಂತಿಯೂ ತುಂಡಾಗುತ್ತದೆ. ವಿದ್ಯುತ್ ನಿಲ್ಲುತ್ತದೆ, ದೀಪ ಹೊತ್ತುತ್ತದೆ. ಒಮ್ಮೆ ತುಂಡಾದ ಸೆನ್ಸರ್ ಮತ್ತೆ ಕೂಡಿಕೊಳ್ಳುವುದಿಲ್ಲ. ಹೊಸ ಪ್ಯಾಡಿನ ಜೊತೆಗೆ ಹೊಸ ಸೆನ್ಸರ್ ಹಾಕಲೇಬೇಕು.

ಇಲ್ಲಿರುವ ಜಾಣತನವನ್ನು ಗಮನಿಸಿ. ತಂತಿಯನ್ನು ಇಲಿ ಕಡಿದರೂ, ಅದರ ಕೊಂಡಿ ಕಳಚಿದರೂ ದೀಪ ಹೊತ್ತುತ್ತದೆ. ಅಂದರೆ ಸುದ್ದಿ ಬಾರದಿದ್ದರೆ ಅಪಾಯವೆಂದೇ ತಿಳಿ ಎಂದು ಕಾರಿಗೆ ಹೇಳಿಕೊಟ್ಟಿದ್ದಾರೆ. ನಮ್ಮೂರಿನ ನಿಲ್ದಾಣಕ್ಕೆ ಬರುವ ರೈಲಿನಲ್ಲೂ ಇದೇ ತತ್ವ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಗಾಳಿಯ ಬ್ರೇಕು ತಂದದ್ದು 1869ರಲ್ಲಿ. ಕೆಲವೇ ವರ್ಷಗಳಲ್ಲಿ ಅದನ್ನು ಅವನು ಇನ್ನೂ ಸುಧಾರಿಸಿದ. ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒತ್ತಡದ ಗಾಳಿ ತುಂಬಿದ ಕೊಳವೆ ಇರುತ್ತದೆ. ಗಾಳಿ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಕೊಳವೆ ಒಡೆದರೂ, ಬೋಗಿ ಕಳಚಿಕೊಂಡರೂ, ಯಾರಾದರೂ ಸರಪಳಿ ಎಳೆದರೂ ಗಾಳಿ ಸೋರಿ ಬ್ರೇಕು ತಾನಾಗಿಯೇ ಹಿಡಿಯುತ್ತದೆ.

ಇಂಥ ಜಾಣ ವ್ಯವಸ್ಥೆಯ ಬಾಯಿಗೆ ನಾನು ಟೇಪು ಅಂಟಿಸಿದ್ದೆ!

ತಪ್ಪು ಎಲ್ಲಿತ್ತು?

ಕೈಪಿಡಿಯ ಒಂದು ಚಿತ್ರದ ಮೇಲೆ ಪುಟ್ಟಿ ಬೆರಳಿಟ್ಟಳು. “ತಾತ, ಸೆನ್ಸರ್ ಎರಡಿವೆ. ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಒಂದು. ಆದ್ರೆ ದೀಪ ಮಾತ್ರ ಒಂದೇ.”

ನಾನು ಟಾರ್ಚ್ ತಂದು ಹಿಂದಿನ ಬಲಚಕ್ರದ ಸಂದಿಯಲ್ಲಿ ಬೆಳಕು ಬಿಟ್ಟೆ. ಪ್ಯಾಡ್ ಕಂಡಿತು. ಸಾಕಷ್ಟು ದಪ್ಪವಾಗಿಯೇ ಇತ್ತು. “ನೋಡು, ಇದು ಚೆನ್ನಾಗಿದೆ” ಎಂದೆ ಗೆಲುವಿನಿಂದ.

“ಇದು ಹೊರಗಡೇದು. ಒಳಗಡೇದು?”

ಒಳಗಿನ ಪ್ಯಾಡ್ ಹೊರಗಿನಿಂದ ಕಾಣುವಂತಿರಲಿಲ್ಲ. ಮರುದಿನ ಅದೇ ಗ್ಯಾರೇಜಿಗೆ ನಿಧಾನವಾಗಿ ಓಡಿಸಿಕೊಂಡು ಹೋದೆ. ಹಿಂದಿನ ಚಕ್ರ ಬಿಚ್ಚಿಸಿದೆ. ಮೆಕ್ಯಾನಿಕ್ ಕ್ಯಾಲಿಪರ್ ಕಳಚಿ, ಒಳಗಿನ ಪ್ಯಾಡನ್ನು ಕೈಯಲ್ಲಿ ಹಿಡಿದು ಮಾತಿಲ್ಲದೆ ನಿಂತ. ಉಜ್ಜುವ ಪದರ ಬಹುತೇಕ ಮುಗಿದಿತ್ತು. ಒಂದು ಮೂಲೆಯಲ್ಲಿ ಕಬ್ಬಿಣದ ಹಲಗೆಯೇ ತಟ್ಟೆಗೆ ಉಜ್ಜಿ ಗೀರು ಬಿದ್ದಿತ್ತು. ಕೆಲವು ದಿನಗಳಿಂದ ಬ್ರೇಕ್ ಒತ್ತಿದಾಗ ‘ಕರ್’ ಎಂದು ಸಣ್ಣ ಸದ್ದು ಬರುತ್ತಿತ್ತು. ರಸ್ತೆಯ ಮರಳಿರಬೇಕು ಎಂದುಕೊಂಡಿದ್ದೆ.

ಒಂದೇ ಚಕ್ರದ ಹೊರಗಿನ ಪ್ಯಾಡ್ ದಪ್ಪ, ಒಳಗಿನದು ಮುಗಿದಿದೆ. ಹೀಗೇಕೆ? ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಜಾರಿದರೆ ಮಾತ್ರ ಎರಡೂ ಪ್ಯಾಡುಗಳು ಸಮವಾಗಿ ಒತ್ತುತ್ತವೆ. ನೀರು ಸೇರಿ, ಗ್ರೀಸ್ ಒಣಗಿ, ತುಕ್ಕು ಹಿಡಿದು ಪಿನ್ನು ಕಚ್ಚಿಕೊಂಡಿತ್ತು. ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೇ ಬಿದ್ದಿತ್ತು. ಮನೆಯಲ್ಲಿ ಒಬ್ಬರೇ ಎಲ್ಲ ಕೆಲಸ ಮಾಡಿದರೆ ಅವರೇ ಮೊದಲು ಸೋಲುತ್ತಾರಲ್ಲ, ಹಾಗೆ.

ಅಂದರೆ ದೀಪ ಕೆಟ್ಟಿರಲಿಲ್ಲ. ಮೊದಲ ದಿನದಿಂದಲೂ ಅದು ಹಿಂದಿನ ಚಕ್ರದ ಸುದ್ದಿ ಹೇಳುತ್ತಿತ್ತು. ನಾವು ಮುಂದಿನ ಚಕ್ರ ನೋಡಿ ಕೈತೊಳೆದುಕೊಂಡಿದ್ದೆವು. ರೀಸೆಟ್ ಆಗಲು ಕಾರು ಒಪ್ಪದೇ ಇದ್ದದ್ದೂ ಅದಕ್ಕೇ. ತಂತಿ ಇನ್ನೂ ತುಂಡಾಗಿದೆ, ಹೇಗೆ ಒಪ್ಪಲಿ ಎಂದು ಅದು ಮೂರು ಸಲ ಹೇಳಿತ್ತು.

“ತಪ್ಪಾಯ್ತು ಸಾರ್. ಹಿಂದಿನ ಚಕ್ರಾನೂ ಬಿಚ್ಚಿ ನೋಡಬೇಕಿತ್ತು” ಎಂದ ಮೆಕ್ಯಾನಿಕ್.

“ಟೇಪು ಅಂಟಿಸಿದ್ದು ನಾನು” ಎಂದೆ.

ದೀಪ ಆರಿದ ಕ್ರಮ

ಈ ಸಲ ಕೆಲಸ ಕ್ರಮವಾಗಿ ನಡೆಯಿತು. ಕಚ್ಚಿಕೊಂಡಿದ್ದ ಪಿನ್ನನ್ನು ಬಿಡಿಸಿ, ಶುಚಿ ಮಾಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಿದರು. ಗೀರು ಬಿದ್ದಿದ್ದ ತಟ್ಟೆಯನ್ನೂ ಅದರ ಜೋಡಿಯನ್ನೂ ಬದಲಾಯಿಸಿದರು. ಪ್ಯಾಡನ್ನು ಒಂದೇ ಚಕ್ರಕ್ಕೆ ಹಾಕುವಂತಿಲ್ಲ, ಎಡಕ್ಕೂ ಬಲಕ್ಕೂ ಒಟ್ಟಿಗೆ ಹಾಕಬೇಕು. ಇಲ್ಲವಾದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಕೊನೆಗೆ ಹೊಸ ಸೆನ್ಸರ್ ಕೂರಿಸಿ, ತಂತಿ ಚಕ್ರಕ್ಕೆ ತಾಗದಂತೆ ಅದರ ಜಾಗದಲ್ಲಿ ಸಿಕ್ಕಿಸಿದರು.

ಆಮೇಲಿನ ಒಂದು ಕೆಲಸವನ್ನು ಮರೆಯಲೇಬಾರದು. ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ಪೆಡಲ್ ಒತ್ತಿದರೆ ಅದು ನೆಲದವರೆಗೂ ಇಳಿದುಬಿಡುತ್ತದೆ, ಬ್ರೇಕು ಹಿಡಿಯುವುದೇ ಇಲ್ಲ. ಕಾರು ಅಲುಗಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಬ್ರೇಕ್ ಎಣ್ಣೆಯ ಮಟ್ಟ ನೋಡಬೇಕು. ಆಮೇಲೆ ರೀಸೆಟ್.

ಗುಂಡಿ ಒತ್ತುವ ಕೆಲಸವನ್ನು ಪುಟ್ಟಿಗೆ ಕೊಟ್ಟೆವು. ಎಂಜಿನ್ ಶುರುವಾಗಿರಲಿಲ್ಲ, ಕೈಬ್ರೇಕ್ ಹಾಕಿತ್ತು. ಅವಳು ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸಿದಳು. ಹಳದಿ ದೀಪ ಒಮ್ಮೆ ಮಿನುಗಿ ಆರಿತು. ಈ ಕ್ರಮ ಎಲ್ಲ ಕಾರುಗಳಲ್ಲೂ ಒಂದೇ ಅಲ್ಲ. ಕೆಲವುಗಳಲ್ಲಿ ಹೊಸ ಸೆನ್ಸರ್ ಜೋಡಿಸಿದ ಕೂಡಲೇ ದೀಪ ತಾನಾಗಿ ಆರುತ್ತದೆ. ಕೆಲವಕ್ಕೆ ಗ್ಯಾರೇಜಿನ ಕಂಪ್ಯೂಟರೇ ಬೇಕು. ಕೈಬ್ರೇಕ್ ವಿದ್ಯುತ್ತಿನಿಂದ ನಡೆಯುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ಬಲವಂತವಾಗಿ ತಳ್ಳಲೂ ಬಾರದು. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಸರಿ.

ಅಜ್ಜ, ಮೊಮ್ಮಕ್ಕಳು ಸೇರಿ ಮಾಡುವ ತಪಾಸಣೆ

ನಿಂತಿರುವ ಕಾರಿನಲ್ಲಿ, ದೊಡ್ಡವರು ಪಕ್ಕದಲ್ಲಿರುವಾಗ, ಇವನ್ನು ನೀವೂ ಮಾಡಿ ನೋಡಬಹುದು:

ಬೀಗದಕೈ ತಿರುಗಿಸಿದ ಕೂಡಲೇ ಫಲಕದ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹೊತ್ತುತ್ತವೆ. ದೀಪಗಳು ಬದುಕಿವೆ ಎಂದು ಕಾರು ತೋರಿಸುವ ಹಾಜರಿ ಅದು. ಎಣಿಸಿ ಬರೆದಿಡಿ. ಮುಂದೊಂದು ದಿನ ಯಾವುದಾದರೂ ಹಾಜರಿ ಹೇಳದಿದ್ದರೆ ಅದನ್ನೂ ತೋರಿಸಬೇಕು.

ವೃತ್ತದ ಪಕ್ಕದಲ್ಲಿ ತುಂಡು ಗೆರೆಗಳಿರುವ ಹಳದಿ ದೀಪ ಪ್ಯಾಡ್ ಸವೆತದ್ದು. ಬೇಗ ಗ್ಯಾರೇಜಿಗೆ ಹೋಗಬೇಕು. ಎ.ಬಿ.ಎಸ್. ಎಂಬ ಹಳದಿ ದೀಪ ಉರಿಯುತ್ತಲೇ ಇದ್ದರೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ, ಆದರೆ ಚಕ್ರ ಜಾರದಂತೆ ಕಾಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಕಂಡರೆ ಮೊದಲು ಕೈಬ್ರೇಕ್ ಬಿಟ್ಟಿದೆಯೇ ನೋಡಿ. ಬಿಟ್ಟಿದ್ದೂ ಉರಿಯುತ್ತಿದ್ದರೆ ಬ್ರೇಕ್ ಎಣ್ಣೆ ಕಡಿಮೆಯಾಗಿರಬಹುದು. ಆಗ ಕಾರು ಓಡಿಸಬಾರದು, ಮೆಕ್ಯಾನಿಕ್ಕನ್ನೇ ಕರೆಸಬೇಕು.

ಬ್ರೇಕ್ ಎಣ್ಣೆಯ ಡಬ್ಬಿಯ ಮೇಲೆ ಎರಡು ಗೆರೆಗಳಿರುತ್ತವೆ. ಪ್ಯಾಡ್ ಸವೆದಂತೆ ಎಣ್ಣೆಯ ಮಟ್ಟವೂ ಮೆಲ್ಲಗೆ ಇಳಿಯುತ್ತದೆ. ಇಳಿದಿದೆಯೆಂದು ಸುಮ್ಮನೆ ಎಣ್ಣೆ ತುಂಬಿಸಿಬಿಟ್ಟರೆ ಅದೂ ಟೇಪು ಅಂಟಿಸಿದಂತೆಯೇ. ಇಳಿದದ್ದು ಏಕೆ ಎಂದು ಮೊದಲು ನೋಡಬೇಕು.

ಓಡಿ ಬಂದ ಕಾರಿನ ತಟ್ಟೆ ಸುಡುತ್ತಿರುತ್ತದೆ, ಮುಟ್ಟಬೇಡಿ. ಚಕ್ರದ ಕಪ್ಪು ಪುಡಿಯನ್ನು ಬಾಯಿಯಿಂದ ಊದಬೇಡಿ, ಉಸಿರಿಗೆ ಒಳ್ಳೆಯದಲ್ಲ. ಚಕ್ರ ಬಿಚ್ಚುವುದು ದೊಡ್ಡವರ, ಕಲಿತವರ ಕೆಲಸ.

ಹೊಸ ಪ್ಯಾಡು ತಟ್ಟೆಗೆ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಆದ್ದರಿಂದ ನಾವು ಬೆಟ್ಟದ ಪ್ರಯಾಣವನ್ನು ಒಂದು ವಾರ ಮುಂದೂಡಿ, ಅಲ್ಲಿಯವರೆಗೆ ಹೆಸರಘಟ್ಟದ ಕಡೆಗೆ ನಿಧಾನವಾಗಿ ಓಡಾಡಿದೆವು. ರಜೆಯ ಕೊನೆಯ ಭಾನುವಾರ ನಂದಿಬೆಟ್ಟ ಹತ್ತಿದೆವು. ಇಳಿಯುವಾಗ ಎರಡನೆಯ ಗೇರಿನಲ್ಲೇ ಇಟ್ಟು, ಎಂಜಿನ್ನೇ ಕಾರನ್ನು ಹಿಡಿದಿಡುವಂತೆ ಮಾಡಿ, ತಿರುವುಗಳಲ್ಲಿ ಮಾತ್ರ ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳ ಪಕ್ಕದಲ್ಲಿದ್ದ ಪುಟ್ಟಿ ಮಾತ್ರ ಕುತ್ತಿಗೆ ಚಾಚಿ ಫಲಕವನ್ನೇ ನೋಡುತ್ತಿದ್ದಳು.

“ಯಾವ ದೀಪಾನೂ ಇಲ್ಲ ತಾತ.”

“ಗೊತ್ತು” ಎಂದೆ. ಆದರೂ ಒಮ್ಮೆ ಕಣ್ಣು ಹಾಯಿಸಿದೆ.

ಆ ಕಪ್ಪು ಟೇಪಿನ ಸುರುಳಿ ಈಗಲೂ ಮೇಜಿನ ಖಾನೆಯಲ್ಲಿದೆ. ಹರಿದ ಪುಸ್ತಕಕ್ಕೆ, ಸೀಳಿದ ಕೊಡೆಯ ಹಿಡಿಗೆ ಬಳಸುತ್ತೇನೆ. ಕಾರಿನ ಹತ್ತಿರಕ್ಕೆ ಮಾತ್ರ ಒಯ್ಯುವುದಿಲ್ಲ.